ಕೃಷ್ಣ ಮಾಸ್ಟರ್ ಕೊಡುವಾ

ಚೆನ್ನೈಯ ಮೈಲಾಪೂರಿನ ಕೆರೆಯ ಹಿಂದಿನ ಬೀದಿಯಲ್ಲಿರುವ ಸೀತಾನದಿ ಕೆಫೆಗೆ ಹೋಗಿಬರುವವರಲ್ಲಿ ಕೃಷ್ಣರಾಜನ ಮುಖ ಕಂಡವರು ಕಡಿಮೆ. ಸ್ವರ ಕೇಳದವರು ಮಾತ್ರ ಒಬ್ಬರೂ ಇಲ್ಲ. "ಎಂತ ಮಾರಾಯ, ವಡೆ ಅಲ್ಲೇ ಕೂತು ಮೊಟ್ಟೆ ಇಡ್ತದಾ? ತಕ್ಕೊಂಡು ಹೋಗು!" ಎಂದು ಅಡಿಗೆಮನೆಯೊಳಗಿಂದ ಬರುವ ಆ ಗರ್ಜನೆ ಬೀದಿಯಾಚೆಯ ಹೂವಿನಂಗಡಿಯವರೆಗೂ ಕೇಳುತ್ತದೆ. ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಮೊಟ್ಟೆಯ ಮಾತೇ ಎಂದು ಹೊಸಬರು ಒಮ್ಮೆ ಹುಬ್ಬೇರಿಸುತ್ತಾರೆ. ಸಾಂಬಾರು ಬಾಯಿಗೆ ಬಿದ್ದ ಮೇಲೆ ಸುಮ್ಮನಾಗುತ್ತಾರೆ.

ಆ ಸಾಂಬಾರು ಕೃಷ್ಣರಾಜನದು. ಬಾರ್ಕೂರಿನ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದವನು ಮೂವತ್ತಮೂರು ವರ್ಷಗಳಿಂದ ಅದೇ ಒಲೆಯ ಮುಂದೆ ನಿಂತಿದ್ದಾನೆ. ಕೈಯಲ್ಲಿ ಅವಸರ, ಕಾಲಲ್ಲಿ ಅವಸರ, ಬಾಯಲ್ಲಂತೂ ಕೇಳುವುದೇ ಬೇಡ. ಉಣ್ಣುವಾಗಲೂ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಉಣ್ಣುತ್ತಾನೆ ಎಂದು ಹೆಂಡತಿ ವಿಮಲಾ ಮದುವೆಯಾದ ವಾರದಲ್ಲೇ ಹೇಳಿದ್ದಳು. ಆ ಮಾತನ್ನು ಅವಳು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಹೀಗಿದ್ದವನಿಗೆ ಮೀನು ಹಿಡಿಯುವ ಹುಚ್ಚು ಹತ್ತಿತು ಎಂದರೆ ಯಾರು ನಂಬುತ್ತಾರೆ? ಮೀನು ತಿಂದವನಲ್ಲ. ಮೀನು ಮಾರ್ಕೆಟ್ಟಿನ ಪಕ್ಕದಲ್ಲಿ ಬಸ್ಸು ಹೋದರೆ ಮೂಗಿಗೆ ಟವೆಲು ಹಿಡಿಯುತ್ತಿದ್ದವನು. ಆರು ವರ್ಷದ ಹಿಂದೆ, ಹೋಟೆಲಿಗೆ ರಜೆಯಿರುವ ಒಂದು ಮಂಗಳವಾರ, ವಿಮಲಾಳನ್ನು ಮುಟ್ಟುಕಾಡಿಗೆ ದೋಣಿ ಹತ್ತಿಸಲು ಕರೆದುಕೊಂಡು ಹೋಗಿದ್ದ. ದೋಣಿಗೆ ಉದ್ದ ಸಾಲು. ಸಾಲಿನಲ್ಲಿ ನಿಲ್ಲುವ ತಾಳ್ಮೆಯಿಲ್ಲದೆ ಹಿನ್ನೀರಿನ ದಂಡೆಯ ಕಡೆ ಕಾಲು ಹಾಕಿದ. ಅಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಕೋಲು ಹಿಡಿದು ನಿಂತು, ಬೆರಳುದ್ದದ ಒಂದು ಬೆಳ್ಳಿಬಣ್ಣದ ಮೀನನ್ನು ನೀರಿಗೆ ಎಸೆಯುತ್ತಿದ್ದ, ಮತ್ತೆ ಸುತ್ತಿ ಎಳೆದುಕೊಳ್ಳುತ್ತಿದ್ದ.

"ಪಾಪ, ಆ ಮೀನನ್ನು ಎಷ್ಟು ಸಲ ಬಿಸಾಡ್ತೀರಿ?" ಎಂದು ಕೃಷ್ಣರಾಜ ತಡೆಯಲಾರದೆ ಕೇಳಿದ. ಕನ್ನಡದಲ್ಲೇ ಬಾಯಿಗೆ ಬಂತು.

ಹುಡುಗ ತಿರುಗಿ ನಕ್ಕ. ಅವನೂ ಕನ್ನಡದವನೇ, ಬೆಸೆಂಟ್ ನಗರದ ದೀಕ್ಷಿತ್, ಬ್ಯಾಂಕಿನಲ್ಲಿ ಕೆಲಸ, ಮಾತಿನ ನಡುವೆ ತಮಿಳು ನುಸುಳುತ್ತಿತ್ತು. "ಅಂಕಲ್, ಇದು ಮೀನಲ್ಲ, ಬರೀ ಮರ. ಮಿನ್ನೋ ಅಂತಾರೆ. ಹುಳ, ಸೀಗಡಿ ಎದುವುಮೇ ಬೇಡ ಇದಕ್ಕೆ."

ಹುಳ ಬೇಡ, ಸೀಗಡಿ ಬೇಡ. ಕೃಷ್ಣರಾಜನ ಕಣ್ಣು ಅರಳಿತು. ಹಾಗಾದರೆ ಇದು ಶುದ್ಧ ಸಸ್ಯಾಹಾರಿ ಗಾಳ! ದೋಣಿಯ ಸಾಲಿನಲ್ಲಿ ಒಬ್ಬಳೇ ನಿಂತಿದ್ದ ವಿಮಲಾ ಟಿಕೆಟ್ಟು ಹಿಡಿದುಕೊಂಡು ಹುಡುಕುತ್ತ ಬಂದಾಗ, ಗಂಡ ಯಾರದೋ ಕೋಲು ಹಿಡಿದು ನೀರಿಗೆ ಬೀಸುತ್ತಿದ್ದ. ಅವತ್ತು ಅವಳು ಒಬ್ಬಳೇ ದೋಣಿ ಹತ್ತಿದಳು. ಅದನ್ನೂ ಅವಳು ಮರೆತಿಲ್ಲ.

ಮಿನ್ನೋ ಎಂಬುದು ನೋಡಲು ಸಣ್ಣ ಆಟಿಕೆ. ಗಲ್ಲದ ಕೆಳಗೆ ಗಾಜಿನಂಥ ಒಂದು ತುಟಿ ಇರುತ್ತದೆ, ಎಳೆದಾಗ ಆ ತುಟಿ ನೀರನ್ನು ತಳ್ಳಿ ಅದನ್ನು ಕೆಳಕ್ಕೆ ಇಳಿಸುತ್ತದೆ. ಕೋಲಿನ ತುದಿಯನ್ನು ಫಟ್ಟನೆ ಜಗ್ಗಿದರೆ ಎಡಕ್ಕೊಮ್ಮೆ ಹೊರಳುತ್ತದೆ, ಇನ್ನೊಮ್ಮೆ ಜಗ್ಗಿದರೆ ಬಲಕ್ಕೆ. ಪೆಟ್ಟು ತಿಂದ ಮೀನು ಒದ್ದಾಡಿದ ಹಾಗೆಯೇ. ಜಗ್ಗುವುದನ್ನು ನಿಲ್ಲಿಸಿದರೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ನಡುನೀರಿನಲ್ಲಿ ಹಾಗೇ ನಿಂತುಬಿಡುತ್ತದೆ.

ಆ ನಿಲ್ಲಿಸುವುದೇ ಕೃಷ್ಣರಾಜನಿಗೆ ಬಾರದು. ಮೊದಲ ಎರಡು ತಿಂಗಳು ರವೆ ಹುರಿಯುವವನಂತೆ ಜಗ್ಗಿದ್ದೇ ಜಗ್ಗಿದ್ದು. ದೀಕ್ಷಿತ್ ತಲೆ ಚಚ್ಚಿಕೊಂಡ.

"ಕೊಂಜ ನಿಲ್ಸಿ ಅಂಕಲ್! ಎರಡು ಸಲ ಜಗ್ಗಿ, ಆಮೇಲೆ ಕೈ ಕಟ್ಟಿ ಕೂತ್ಕೊಳ್ಳಿ. ಓಡೋದನ್ನ ಅದು ಸುಮ್ನೆ ನೋಡತ್ತೆ. ನಿಂತಾಗ್ಲೇ ಬಂದು ಹೊಡೆಯೋದು."

"ಎಷ್ಟು ಹೊತ್ತು ನಿಲ್ಸುವುದು ಮಾರಾಯ?"

"ನಿಮಗೆ ಬೋರ್ ಆಗೋವರೆಗೂ. ಆಮೇಲೆ ಇನ್ನೊಂದು ಸ್ವಲ್ಪ."

ಮನುಷ್ಯ ಕಲಿತ. ಹೇಗೆ ಕಲಿತನೋ ಅವನಿಗೇ ಗೊತ್ತಿಲ್ಲ. ಎರಡು ಜಗ್ಗು, ಆಮೇಲೆ ಸುಮ್ಮನೆ. ಆ ಸುಮ್ಮನಿರುವ ಹೊತ್ತಿನಲ್ಲಿ "ಮಾಸ್ಟ್ರೇ, ಎರಡು ಸೆಟ್ ಇಡ್ಲಿ!" ಎಂದು ಯಾರೂ ಕೂಗುವುದಿಲ್ಲ. ಕುಕ್ಕರು ಸೀಟಿ ಹಾಕುವುದಿಲ್ಲ. ಕೆಳಗೆ ಯಾವುದೋ ಒಂದು ಜೀವ ತನ್ನ ಮರದ ತುಂಡನ್ನು ನೋಡುತ್ತ ಯೋಚನೆ ಮಾಡುತ್ತಿದೆ, ಅದು ಬರಬಹುದು, ಬಾರದೆಯೂ ಇರಬಹುದು. ಅಷ್ಟು ವರ್ಷ ಬೇರೆಯವರ ಹಸಿವಿನ ಹಿಂದೆ ಓಡಿದವನಿಗೆ ಇದು ಎಷ್ಟು ಸುಖವಾಗಿತ್ತು ಎಂದರೆ, ವಾರದ ಉಳಿದ ಆರು ದಿನವೂ ಅವನು ಮಂಗಳವಾರದ ಮುಖ ನೋಡಿಕೊಂಡೇ ಕಳೆಯುತ್ತಿದ್ದ.

ಕೊಂಡ ಮಿನ್ನೋಗಳು ಕಲ್ಲಿಗೆ ಸಿಕ್ಕಿ ಹೋಗತೊಡಗಿದಾಗ ತಾನೇ ಮಾಡಲು ಶುರುಮಾಡಿದ. ಹಗುರ ಮರದ ತುಂಡನ್ನು ಚಾಕುವಿನಲ್ಲಿ ಕೆತ್ತಿ, ಹೊಟ್ಟೆಗೆ ಸೀಸದ ಚೂರು ತುಂಬಿ, ಚಾಕಲೇಟಿನ ಬೆಳ್ಳಿಕಾಗದ ಅಂಟಿಸಿ, ಮೇಲೆ ಉಗುರುಬಣ್ಣ ಬಳಿಯುತ್ತಿದ್ದ. ಉಗುರುಬಣ್ಣ ವಿಮಲಾಳದು. "ನನ್ನ ಉಗುರಿಗಿಂತ ನಿಮ್ಮ ಮೀನಿಗೇ ಸಿಂಗಾರ ಜಾಸ್ತಿಯಾಯ್ತು," ಎಂದು ಅವಳು ಸೀಸೆ ಬಚ್ಚಿಡುತ್ತಿದ್ದಳು, ಅವನು ಹುಡುಕಿ ತೆಗೆಯುತ್ತಿದ್ದ. ಸ್ನಾನದ ಬಕೆಟ್ಟಿನಲ್ಲಿ ಬಿಟ್ಟು, ಮುಳುಗದೆ ತೇಲದೆ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದ. ನಿಂತ ದಿನ ಮನೆಯಲ್ಲಿ ಹಬ್ಬ.

ಹಿಡಿದದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದ. ತಿನ್ನುವವನಲ್ಲ, ಮಾರುವವನಲ್ಲ, ಮತ್ತೇನು ಮಾಡಬೇಕು? ಬಿಡುವಾಗ ಗಾಯ ಆಗಬಾರದು ಎಂದು ಮೂರು ಕೊಕ್ಕೆಯ ಗಾಳ ತೆಗೆದು ಒಂಟಿ ಗಾಳ ಹಾಕಿಕೊಂಡಿದ್ದ. ಅದರ ಒಳಮುಳ್ಳನ್ನೂ ಇಕ್ಕುಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದ.

ಇಷ್ಟೆಲ್ಲ ಆದರೂ ಹೋಟೆಲಿನಲ್ಲಿ ಮಾತ್ರ ಬಾಯಿಗೆ ಬೀಗ. ಕಾರಣವಿತ್ತು. ಸೀತಾನದಿ ಕೆಫೆಯ ಯಜಮಾನಿ ಜಯಲಕ್ಷ್ಮೀ ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಗಂಡ ಹೋದ ಮೇಲೆ ಹೋಟೆಲನ್ನು ಒಬ್ಬಳೇ ನಡೆಸಿದವಳು. ಅವಳ ಅಡಿಗೆಮನೆಗೆ ಮೀಯದೆ ಒಬ್ಬನೂ ಕಾಲಿಡುವ ಹಾಗಿಲ್ಲ. ದಿನದ ಮೊದಲ ಸಾಂಬಾರು ಸೌಟು ದೇವರ ಮುಂದೆ ಇಟ್ಟ ಮೇಲೆಯೇ ಗಿರಾಕಿಯ ಎಲೆಗೆ. ಆ ಸೌಟು ಹಿಡಿಯುವ ಕೈ ಕೃಷ್ಣರಾಜನದು. ಅದೇ ಕೈಯಲ್ಲಿ ಮೀನಿನ ದವಡೆ ಹಿಡಿಯುತ್ತೇನೆ ಎಂದು ಅವಳಿಗೆ ಹೇಳುವ ಎದೆ ಅವನಿಗಿರಲಿಲ್ಲ.

ಕಳೆದ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆ ಮೀನು ಬಂತು. ನೀರು ಸಮುದ್ರದ ಕಡೆ ಇಳಿಯುತ್ತಿತ್ತು. ಸೇತುವೆಯ ಕಂಬದ ಪಕ್ಕಕ್ಕೆ ಎಸೆದು, ಎರಡು ಸಲ ಜಗ್ಗಿ, ನಿಲ್ಲಿಸಿದ. ಬೋರ್ ಆಯಿತು. ಇನ್ನೊಂದು ಸ್ವಲ್ಪ ನಿಂತ. ಆಗ ಯಾರೋ ಕೋಲನ್ನೇ ಕಿತ್ತುಕೊಂಡ ಹಾಗಾಯಿತು. ಇಪ್ಪತ್ತು ನಿಮಿಷ ಅವನು ದಂಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಿದ. ಪಂಚೆ ಮೊಣಕಾಲಿಗೆ ಬಂತು, ಚಪ್ಪಲಿ ಕೆಸರಿಗೆ ಹೋಯಿತು. ಕೊನೆಗೆ ದೀಕ್ಷಿತ್ ನೀರಿಗಿಳಿದು ಎತ್ತಿ ಕೈಗೆ ಕೊಟ್ಟಾಗ, ಎರಡೂ ತೋಳಿಗೆ ತುಂಬುವಷ್ಟು ದೊಡ್ಡ ಮೀನು. ಅಂದಾಜಿಗೆ ಒಂಬತ್ತು ಕಿಲೋ.

ಇದಕ್ಕೆ ಇಂಗ್ಲಿಷಿನವರು ಸೀ ಬಾಸ್ ಎನ್ನುತ್ತಾರೆ. ಚೆನ್ನೈಯಲ್ಲಿ ಇದರ ಹೆಸರು ಕೊಡುವಾ. ಮೀನು ತಿನ್ನುವ ಊರಿಗೆಲ್ಲ ಗೊತ್ತಿರುವ ಹೆಸರು. ತಿನ್ನದವರಿಗೆ ಇಲ್ಲೇ ಹುಟ್ಟಿ ಇಲ್ಲೇ ಮುದುಕರಾದರೂ ಗೊತ್ತಿರುವುದಿಲ್ಲ, ಏಕೆಂದರೆ ಅವರು ಮೀನಿನಂಗಡಿಯ ಮುಂದೆ ನಿಂತವರಲ್ಲ. ಅನಾಹುತವಾದದ್ದು ಇಲ್ಲೇ.

ದೀಕ್ಷಿತ್ ಎರಡು ನಿಮಿಷದ ವಿಡಿಯೋ ತೆಗೆದಿದ್ದ. ಮೀನು ಹಿಡಿದು ಹಲ್ಲು ಬಿಟ್ಟ ಕೃಷ್ಣರಾಜ ಅದನ್ನು ಮೆಲ್ಲಗೆ ನೀರಿಗಿಳಿಸಿದ್ದು, ಬಾಲ ಹಿಡಿದು ಹಿಂದೆ ಮುಂದೆ ಆಡಿಸಿ ಉಸಿರು ಕೂಡಿಸಿದ್ದು, ಅದು ಬಾಲ ಬಡಿದು ಹೋದದ್ದು, ಎಲ್ಲವೂ ಇತ್ತು. ಆದರೆ ಸ್ಟೇಟಸ್ಸಿಗೆ ಹಾಕಿದ್ದು ಮೊದಲ ಅರ್ಧ ನಿಮಿಷ ಮಾತ್ರ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ: ಕೃಷ್ಣ ಮಾಸ್ಟರ್ ಕೊಡುವಾ, ಒಂಬತ್ತು ಕೆಜಿ, ಮುಟ್ಟುಕಾಡು.

ಅದು ಅಲ್ಲಿಂದ ಇಲ್ಲಿಗೆ ಹಾರಿ, ಇಲ್ಲಿಂದ ಮತ್ತೊಂದು ಕಡೆ ಹಾರಿ, ಗುರುವಾರ ಬೆಳಿಗ್ಗೆ ಶಂಕರನಾರಾಯಣರ ಮೊಬೈಲಿಗೆ ಬಂದು ಕೂತಿತು. ಅವರು ರೈಲ್ವೆಯಿಂದ ನಿವೃತ್ತರಾದವರು. ಸೀತಾನದಿಯ ಕಿಟಕಿಯ ಪಕ್ಕದ ಟೇಬಲ್ಲು ಇಪ್ಪತ್ತು ವರ್ಷದಿಂದ ಅವರದೇ. ಎಪ್ಪತ್ತು ವರ್ಷದ ಬಾಳಿನಲ್ಲಿ ಒಂದೇ ಒಂದು ಮೀನಿನ ಹೆಸರು ಕಲಿಯದವರು. ಓದಿದರು: ಕೃಷ್ಣ ಮಾಸ್ಟರ್ ಕೊಡುವ ಒಂಬತ್ತು ಕೆಜಿ. ಮತ್ತೊಮ್ಮೆ ಓದಿದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಜಯಲಕ್ಷ್ಮೀ ಅಮ್ಮನ ಮುಂದೆ ಮೊಬೈಲು ಹಿಡಿದರು.

"ನೋಡ್ರಮ್ಮ, ನಿಮ್ಮ ಸಾಂಬಾರ್ ಮಾಸ್ಟರು ಮೀನು ಸಪ್ಲೈ ಮಾಡ್ತಾರೆ. ಒಂಬತ್ತೊಂಬತ್ತು ಕೆಜಿ ಕೊಡ್ತಾರಂತೆ. ಸಾಕ್ಷಿ ಸಮೇತ ಇದೆ."

ಅಮ್ಮ ಕನ್ನಡಕ ಹಾಕಿ ನೋಡಿದಳು. ಮೀನು ಹಿಡಿದು ನಗುತ್ತಿರುವವನು ತನ್ನ ಕೃಷ್ಣನೇ. ಅವನನ್ನು ಕರೆಸಿದಳು. ಅವನು ಟವೆಲಿನಲ್ಲಿ ಕೈ ಒರೆಸುತ್ತ ಬಂದು, ಪರದೆಯ ಮೇಲೆ ತನ್ನ ಮುಖ ಕಂಡು, ನಿಂತಲ್ಲೇ ಬೆವರಿದ.

"ಇದು ನೀನಾ ಕೃಷ್ಣ?"

"ಹೌದು ಅಮ್ಮ."

"ಕೊಡುವುದು ಹೌದಾ?"

ಗಾಬರಿಯಲ್ಲಿದ್ದವನಿಗೆ ಕೇಳಿಸಿದ್ದು ಮೀನಿನ ಹೆಸರು. ಅಮ್ಮನಿಗೆ ಹೆಸರು ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವೂ ಆಯಿತು. "ಹೌದು ಅಮ್ಮ, ಕೊಡುವಾ," ಎಂದ. ಹೆದರಿಕೆಯ ನಡುವೆಯೂ ಒಂದು ಸಣ್ಣ ಜಂಬ ಇಣುಕಿತು. "ಒಂಬತ್ತು ಕಿಲೋ."

ಇದಕ್ಕಿಂತ ಚೆನ್ನಾಗಿ ತಪ್ಪೊಪ್ಪಿಕೊಂಡವರು ಯಾರಿದ್ದಾರೆ? ಅಮ್ಮನ ಮುಖ ಕಪ್ಪಿಟ್ಟಿತು. ಶಂಕರನಾರಾಯಣರು ಕಣ್ಣು ಬಾಯಿ ಬಿಟ್ಟರು.

"ಈಗಿನಿಂದಲೇ ಒಲೆಯ ಹತ್ತಿರ ಬರ್ಬೇಡ," ಎಂದಳು ಅಮ್ಮ. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ಗಂಗಾಧರ ನೋಡಿಕೊಳ್ತಾನೆ. ನೀನು ಸ್ಟೋರಿನಲ್ಲಿ ಬೇಳೆ ಆರಿಸು. ಸೋಮವಾರ ಬೆಳಿಗ್ಗೆ ನಂಗೆ ಹೇಳು, ಒಲೆ ಬೇಕಾ ಅದು ಬೇಕಾ ಅಂತ."

ಆ ನಾಲ್ಕು ದಿನ ಕೃಷ್ಣರಾಜ ಸ್ಟೋರಿನ ಮೂಲೆಯಲ್ಲಿ ತಟ್ಟೆ ಹಿಡಿದು ಕೂತ. ಬೇಳೆ ಮೊದಲೇ ಸ್ವಚ್ಛವಾಗಿತ್ತು, ಆರಿಸಲು ಏನೂ ಇರಲಿಲ್ಲ. ಗೋಡೆಯಾಚೆ ಅವನ ಕೈಕೆಳಗಿನ ಅಡಿಗೆಯವನಾದ ಗಂಗಾಧರನ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಸಾಸಿವೆ ಪೂರ್ತಿ ಸಿಡಿಯುವ ಮೊದಲೇ ಕರಿಬೇವು ಬೀಳುತ್ತಿದೆ ಎಂದು ಕಿವಿಯಲ್ಲೇ ಗೊತ್ತಾಗುತ್ತಿತ್ತು. ಎದ್ದು ಹೋಗಿ ಹೇಳುವ ಹಾಗಿಲ್ಲ. ನಾಲ್ಕು ದಿನ ಹೋಟೆಲಿನಲ್ಲಿ ಯಾರೂ ಗರ್ಜಿಸಲಿಲ್ಲ. ಹೂವಿನಂಗಡಿಯವಳು ಬಂದು, ಮಾಸ್ಟರಿಗೆ ಜ್ವರವೇ ಎಂದು ವಿಚಾರಿಸಿಕೊಂಡು ಹೋದಳು.

"ಬಿಟ್ಟು ಬಂದೆ ಅಂತ ಹೇಳಬಾರದಾ?" ಎಂದಳು ವಿಮಲಾ, ಶನಿವಾರ ಅವನ ಎಲೆಗೆ ಅನ್ನ ಬಡಿಸುತ್ತ.

"ತಿಂದೆಯಾ ಅಂತ ಅಮ್ಮ ಕೇಳಲೇ ಇಲ್ಲ. ಕೇಳದೆ ನಾನು ಹೇಳಿದ್ರೆ, ತಿಂದವನು ಮುಚ್ಚಿಡುವ ಹಾಗೆ ಆಗ್ತದೆ."

"ಆಹಾ, ದೊಡ್ಡ ಮರ್ಯಾದೆ! ನನ್ನ ಉಗುರುಬಣ್ಣ ಕದಿಯುವಾಗ ಎಲ್ಲಿತ್ತು ಅದು?"

ಅವನು ನಕ್ಕ, ಆದರೆ ಅನ್ನ ಸೇರಲಿಲ್ಲ. ಅವತ್ತು ಅವನು ಮೊದಲ ಸಲ ನಿಧಾನವಾಗಿ ಉಂಡದ್ದನ್ನು ನೋಡಿ ವಿಮಲಾ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು. ಭಾನುವಾರ ಮಧ್ಯಾಹ್ನ ಅವನು ಕೋಲು ಬಿಚ್ಚಿ ಚೀಲಕ್ಕೆ ಹಾಕಿದ. ಹನ್ನೊಂದು ಮಿನ್ನೋಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ, ದೀಕ್ಷಿತನಿಗೆ ಕೊಡು ಎಂದು ಹೆಂಡತಿಯ ಕೈಗಿಟ್ಟ. ಒಲೆ ಬಿಟ್ಟು ಬದುಕಲು ಅವನಿಂದ ಆಗದು, ಅದರಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ. ಆದರೆ ಇನ್ನು ಮೇಲೆ ಮಂಗಳವಾರ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ನೆನೆದಾಗ ಕಣ್ಣಲ್ಲಿ ನೀರು ಬಂತು. ಐವತ್ತೆರಡು ವರ್ಷದ ಗಂಡಸು ಮರದ ಮೀನುಗಳಿಗಾಗಿ ಅಳುವುದೇ ಎಂದು ನಾಚಿಕೆಯಾಗಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ.

ಸೋಮವಾರ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯುವ ಹೊತ್ತಿಗೆ ಜಯಲಕ್ಷ್ಮೀ ಅಮ್ಮ ತನ್ನ ಕುರ್ಚಿಯಲ್ಲಿದ್ದಳು. ಶಂಕರನಾರಾಯಣರೂ ಇದ್ದರು. ಅವರಿಗೆ ಅಷ್ಟು ಬೇಗ ಏನು ಕೆಲಸವಿತ್ತು ಎಂದು ಕೇಳಬಾರದು.

"ಒಲೆ ಅಮ್ಮ," ಎಂದ ಕೃಷ್ಣರಾಜ. "ಅದು ಬಿಟ್ಟೆ. ಕೋಲು ಬಿಚ್ಚಿ ಚೀಲಕ್ಕೆ ಹಾಕಿದೆ."

"ಒಳ್ಳೇದಾಯ್ತು. ಕೊಡ್ತಾ ಇದ್ದ ಹೋಟೆಲಿನವರಿಗೆ ಹೇಳಿದ್ಯಾ? ಅವರು ನಂಬಿಕೊಂಡು ಇರ್ತಾರೆ."

"ಯಾವ ಹೋಟೆಲಿನವರು ಅಮ್ಮ?"

"ಒಂಬತ್ತು ಕಿಲೋ ಕೊಡುವುದು ಅಂತ ನೀನೇ ಹೇಳಿದ್ದಲ್ವಾ? ಯಾರಿಗೆ ಕೊಡುವುದು?"

ಕೃಷ್ಣರಾಜ ಅಮ್ಮನ ಮುಖ ನೋಡಿದ, ಶಂಕರನಾರಾಯಣರ ಮುಖ ನೋಡಿದ. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

"ಅಯ್ಯೋ ಅಮ್ಮ! ಕೊಡುವುದಲ್ಲ, ಕೊಡುವಾ! ಆ ಮೀನಿನ ಹೆಸರೇ ಕೊಡುವಾ! ತಮಿಳಿನಲ್ಲಿ ಹಾಗೆ ಹೇಳುವುದು!"

"ಯಾರಿಗೂ ಕೊಡುವುದಿಲ್ವಾ?"

"ಯಾರಿಗೆ ಕೊಡ್ಲಿ? ನೀರಿಗೇ ಬಿಟ್ಟೆ." ಅವನು ತಡಬಡಾಯಿಸಿ ಮೊಬೈಲು ತೆಗೆದು, ದೀಕ್ಷಿತ್ ಕಳಿಸಿದ್ದ ಪೂರ್ತಿ ವಿಡಿಯೋ ಹಾಕಿ ಅಮ್ಮನ ಮುಂದೆ ಹಿಡಿದ.

ಅಮ್ಮ ಎರಡು ನಿಮಿಷ ನೋಡಿದಳು. ಪಂಚೆ ಎತ್ತಿ ಕಟ್ಟಿದ ತನ್ನ ಅಡಿಗೆಯವನು, ಎಣ್ಣೆಸ್ನಾನ ಮಾಡಿಸುವವನ ಹಾಗೆ ಒಂದು ಮೀನನ್ನು ನೀರಿನಲ್ಲಿ ಆಡಿಸುತ್ತಿದ್ದ. "ಹೋಗು ಮಾರಾಯ, ಹೋಗು," ಎಂದು ಅದಕ್ಕೆ ಕನ್ನಡದಲ್ಲಿ ಹೇಳುತ್ತಿದ್ದ. ಮೀನು ಹೋಯಿತು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಕೊಡುವಾ ಅಂತೆ, ಕೊಡುವಾ ಎಂದು ಹೇಳಿ ಹೇಳಿ ನಕ್ಕಳು. ಶಂಕರನಾರಾಯಣರು ಮಾತ್ರ ಗೋಡೆಯ ಮೇಲಿನ ತಿಂಡಿಯ ಪಟ್ಟಿಯನ್ನು ಅವತ್ತೇ ಮೊದಲು ಕಂಡವರಂತೆ ಓದುತ್ತಿದ್ದರು.

ಕೃಷ್ಣರಾಜನೂ ನಗತೊಡಗಿದ. ಆದರೆ ಅಮ್ಮ ನಗು ನಿಲ್ಲಿಸಿ ಅವನನ್ನೇ ನೋಡಿದಳು.

"ಕೃಷ್ಣ, ಬಿಡುವುದು ಸರಿ. ಹಿಡಿಯುವಾಗ ಅದಕ್ಕೆ ನೋವು ಆಗುವುದಿಲ್ವಾ?"

ಅಡಿಗೆಮನೆಯ ಬಾಗಿಲಲ್ಲಿ ಇಣುಕಿದ್ದ ಗಂಗಾಧರ ಸೌಟು ಹಿಡಿದುಕೊಂಡೇ ಇನ್ನೊಂದು ಹೆಜ್ಜೆ ಮುಂದೆ ಬಂದ. ಶಂಕರನಾರಾಯಣರಿಗೆ ತಾವು ಮಾಡಿದ ಅವಾಂತರಕ್ಕೆ ಏನಾದರೂ ಪರಿಹಾರ ಬೇಕಾಗಿತ್ತು. "ಇಲ್ಲಮ್ಮ, ಮೀನಿಗೆ ಅದೆಲ್ಲ ಗೊತ್ತಾಗಲ್ಲ. ತಣ್ಣನೆ ರಕ್ತ ನೋಡಿ. ನಾನು ಎಲ್ಲೋ ಓದಿದೀನಿ," ಎಂದು ಮಧ್ಯೆ ಬಂದರು. ಕೃಷ್ಣರಾಜನ ಕಡೆ ತಿರುಗಿ, ಹೌದು ಅನ್ನಪ್ಪ ಎಂಬಂತೆ ತಲೆಯನ್ನೂ ಆಡಿಸಿದರು.

ಹೌದು ಎಂದರೆ ಮುಗಿಯುತ್ತಿತ್ತು. ಒಲೆಯೂ ಸಿಗುತ್ತಿತ್ತು, ಮಂಗಳವಾರವೂ ಸಿಗುತ್ತಿತ್ತು, ಬಿಸ್ಕತ್ತಿನ ಡಬ್ಬಿ ಇನ್ನೂ ಮನೆಯಲ್ಲೇ ಇತ್ತು. ಕೃಷ್ಣರಾಜನ ನಾಲಗೆಯ ತುದಿಗೆ ಆ ಮಾತು ಬಂತು ಕೂಡ.

"ಆಗ್ತದೆ ಅಮ್ಮ," ಎಂದ. "ಮುಳ್ಳು ಒತ್ತಿದ್ದೇನೆ, ಒಂದೇ ಗಾಳ ಹಾಕ್ತೇನೆ. ಆದ್ರೂ ಆಗ್ತದೆ. ಕೈಯಲ್ಲಿ ಹಿಡಿದಾಗ ನಡುಗುತ್ತದೆ. ನಂಗೆ ಗೊತ್ತುಂಟು. ಗೊತ್ತಿದ್ದೂ ಹೋಗ್ತಿದ್ದೆ."

ಅಮ್ಮ ಕನ್ನಡಕವನ್ನು ಮಡಿಸಿ ಮೇಜಿನ ಮೇಲಿಟ್ಟಳು. ಶಂಕರನಾರಾಯಣರು ಹಣೆ ಹಿಡಿದುಕೊಂಡರು.

"ನೋಡು," ಎಂದಳು. "ಮಂಗಳವಾರ ನಿಂದು. ಆ ಮೀನಿನ ಲೆಕ್ಕ ನೀನೂ ದೇವರೂ ನೋಡಿಕೊಳ್ಳಿ, ಅದರಲ್ಲಿ ನಾನಿಲ್ಲ. ನೋವು ಆಗುವುದಿಲ್ಲ ಅಂತ ನೀನು ಈಗ ಹೇಳಿದ್ದಿದ್ರೆ, ಇವತ್ತೇ ನಿನ್ನನ್ನು ಒಲೆಯಿಂದ ತೆಗಿತಿದ್ದೆ. ಅದನ್ನು ಹೇಳುವವನು ನಾಳೆ ಹಳಸಿದ ಸಾಂಬಾರು ಮುಂದಿಟ್ಟು, ಈಗಷ್ಟೇ ಇಳಿಸಿದ್ದು ಅಮ್ಮ ಅಂತಲೂ ಹೇಳ್ತಾನೆ."

ಕೃಷ್ಣರಾಜ ಬಗ್ಗಿ ಅವಳ ಕಾಲು ಮುಟ್ಟಲು ಹೋದ.

"ಮುಟ್ಬೇಡ, ಮುಟ್ಬೇಡ! ಮೊದ್ಲು ಮಿಂದು ಬಾ," ಎಂದು ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. "ನಾಲ್ಕು ದಿನದಿಂದ ಗಂಗಾಧರನ ಸಾಂಬಾರು ತಿಂದು ನನ್ನ ನಾಲಗೆ ಸತ್ತುಹೋಗಿದೆ."

ಕೃಷ್ಣರಾಜ ಹಿಂದಿನ ಬಚ್ಚಲಿಗೆ ಓಡಿದ. ಎರಡು ಸಲ ಮಿಂದು ಬಂದು ಒಲೆ ಹಚ್ಚಿದ.